ಮೂತ್ರಪಿಂಡ ಮತ್ತು ಗವೀನಿಗಳ ಆಘಾತ: ಲಕ್ಷಣವೂ ನಿದಾನವೂ

(ಉಪನ್ಯಾಸ)



ಕಾಯವಿಲ್ಲದೆ ಕಾಯಕವಿಲ್ಲ, ಕಾಯಕವಿಲ್ಲದ ಕಡೆಯಲ್ಲಿ ದಾಸೋಹವೂ ನಡೆಯಲಾರದು. ಮಠದ ಪಂಕ್ತಿಯಲ್ಲಿ ಬಡಿಸುವ ಅನ್ನವಾಗಲಿ, ಪೂಜೆಗೆ ಒಡೆಯುವ ತೆಂಗಿನಕಾಯಿಯಾಗಲಿ, ಯಾರೋ ಒಬ್ಬರ ಬೆನ್ನು ಬಾಗಿದ್ದರಿಂದಲೇ ಬಂದುದಾಗಿರುವುದು. ಆ ಬೆನ್ನಿನ ಒಳಗೆ, ಕಡೆಯ ಪಕ್ಕೆಲುಬುಗಳ ಮರೆಯಲ್ಲಿ, ಹಗಲಿರುಳೂ ಸದ್ದಿಲ್ಲದೆ ದುಡಿಯುವ ಎರಡು ಅಂಗಗಳಿವೆ. ಅವಕ್ಕೆ ಮೂತ್ರಪಿಂಡಗಳೆಂದು ಹೆಸರು. ಅವುಗಳಿಂದ ಹೊರಟು ಮೂತ್ರಕೋಶಕ್ಕೆ ಸೇರುವ ಸಣ್ಣ ನಾಳಗಳೆರಡಕ್ಕೆ ಗವೀನಿಗಳೆಂದು ಹೆಸರು. ಈ ಅಂಗಗಳಿಗೆ ಪೆಟ್ಟು ಬಿದ್ದಾಗ ಅದನ್ನು ಗುರುತಿಸುವ ಬಗೆ ಹೇಗೆ, ವೈದ್ಯರು ಅದನ್ನು ನಿಶ್ಚಯಿಸುವ ಕ್ರಮ ಯಾವುದು, ಮನೆಯವರು ಮಾಡತಕ್ಕದ್ದೇನು, ಮಾಡಬಾರದ್ದೇನು ಎಂಬುದನ್ನು ಸರ್ವರಿಗೂ ತಿಳಿಯುವಂತೆ ವಿವರಿಸುವುದೇ ಈ ಉಪನ್ಯಾಸದ ಉದ್ದೇಶವಾಗಿದೆ.

ಈ ವಿಷಯವು ಹಾರನಹಳ್ಳಿಯ ಜನಕ್ಕೆ ದೂರದ್ದೇನೂ ಅಲ್ಲ. 1234ರ ಸುಮಾರಿನಲ್ಲಿ ಕಟ್ಟಿದ ಸೋಮೇಶ್ವರ, ಚೆನ್ನಕೇಶವ ದೇವಾಲಯಗಳಿಂದ ಪ್ರಸಿದ್ಧವಾದ ಈ ಊರಿನ ಸುತ್ತಲೂ, ಅರಸೀಕೆರೆಯ ಸೀಮೆಯುದ್ದಕ್ಕೂ, ತೆಂಗಿನ ತೋಟಗಳೇ ಬಾಳಿಗೆ ಆಧಾರ. ತೆಂಗು ಇರುವಲ್ಲಿ ಮರವೇರುವವರು ಇರಲೇಬೇಕು. ಮರವೇರುವವರಿರುವಲ್ಲಿ ಬೀಳುವ ಭಯವೂ ಇರಲೇಬೇಕು. ಮಳೆ ಬಿದ್ದು ಜಾರುವ ಬೊಡ್ಡೆ, ಹಿಡಿದ ಕೂಡಲೆ ಕಳಚಿಕೊಳ್ಳುವ ಒಣಗಿದ ಗರಿ, ಇವು ಎಷ್ಟೋ ಸಂಸಾರಗಳ ದೀಪವನ್ನು ನಂದಿಸಿವೆ. ಇದರ ಜತೆಗೆ ಎತ್ತು ಹಾಯುವುದು, ಟ್ರ್ಯಾಕ್ಟರ್ ಮಗುಚುವುದು, ಹೆದ್ದಾರಿಯಲ್ಲಿ ಮೋಟಾರು ಬೈಸಿಕಲ್ಲಿನಿಂದ ಬೀಳುವುದು ಮೊದಲಾದ ಅಪಘಾತಗಳು ಸೇರಿಕೊಂಡಿವೆ. ಬಿದ್ದವನ ಕೈಕಾಲು ಮುರಿದರೆ ಕಣ್ಣಿಗೆ ಕಾಣುವುದು. ತಲೆ ಒಡೆದರೆ ನೆತ್ತರು ಕಾಣುವುದು. ಮೂತ್ರಪಿಂಡವು ಸೀಳಿದರೆ ಹೊರಗೆ ಏನೂ ಕಾಣದೆ ಇರಬಹುದು. ಕಾಣದ ಗಾಯವನ್ನು ಕಾಣುವ ವಿದ್ಯೆಯೇ ನಿದಾನಶಾಸ್ತ್ರವೆನಿಸುವುದು.

ಅಂಗಗಳ ಸ್ಥಾನ ಮತ್ತು ಸ್ವರೂಪ

ಮೂತ್ರಪಿಂಡವು ಅವರೆಬೀಜದ ಆಕಾರದ್ದು. ಸುಮಾರು 11 ಸೆಂಟಿಮೀಟರ್ ಉದ್ದ, ಸುಮಾರು 150 ಗ್ರಾಂ ತೂಕ. ಬೆನ್ನುಮೂಳೆಯ ಎರಡು ಪಕ್ಕಗಳಲ್ಲಿ ಒಂದೊಂದಿದ್ದು, ಬಲಗಡೆಯದು ಮೇಲಿನ ಪಿತ್ತಕೋಶಸಹಿತವಾದ ಯಕೃತ್ತಿನ ದೆಸೆಯಿಂದ ಸ್ವಲ್ಪ ಕೆಳಗಿರುವುದು. 11 ಮತ್ತು 12ನೆಯ ಪಕ್ಕೆಲುಬುಗಳು, ಬೆನ್ನಿನ ದಪ್ಪ ಮಾಂಸಖಂಡಗಳು, ಸುತ್ತಲಿನ ಕೊಬ್ಬಿನ ಮೆತ್ತೆ, ಇವು ಮೂರೂ ಅದಕ್ಕೆ ಕೋಟೆಯಂತಿವೆ. ಹೃದಯವು ಹೊರಕ್ಕೆ ತಳ್ಳುವ ರಕ್ತದಲ್ಲಿ ಸುಮಾರು ಐದನೆಯ ಒಂದು ಪಾಲು ಈ ಎರಡು ಸಣ್ಣ ಅಂಗಗಳ ಮೂಲಕವೇ ಹಾಯುವುದು. ಎಂದರೆ ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು. ಆದುದರಿಂದಲೇ ಈ ಅಂಗವು ಸೀಳಿದರೆ ರಕ್ತಸ್ರಾವವು ಅಲ್ಪವಾಗಿರುವುದೆಂದು ಹೇಳಲಾಗದು.

ಗವೀನಿಯಾದರೋ ಸುಮಾರು 25 ಸೆಂಟಿಮೀಟರ್ ಉದ್ದ, ಮೂರು ನಾಲ್ಕು ಮಿಲಿಮೀಟರ್ ಮಾತ್ರ ದಪ್ಪವುಳ್ಳ ನಾಳ. ಅದು ಹೊಟ್ಟೆಯ ಹಿಂಭಾಗದಲ್ಲಿ ಅಡಗಿ, ಅತ್ತಿತ್ತ ಸರಿಯುವ ಗುಣವುಳ್ಳದ್ದಾದುದರಿಂದ ಹೊರಗಿನ ಪೆಟ್ಟಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಅದಕ್ಕೆ ಆಗುವ ಗಾಯಗಳಲ್ಲಿ ಬಹುಪಾಲು ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಉಂಟಾಗತಕ್ಕವು. ಈ ಭೇದವನ್ನು ಶ್ರೋತೃಗಳು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು: ಮೂತ್ರಪಿಂಡದ ಶತ್ರು ಬೀಳುವಿಕೆ ಮತ್ತು ಪೆಟ್ಟು, ಗವೀನಿಯ ಶತ್ರು ಬಹುಮಟ್ಟಿಗೆ ಶಸ್ತ್ರ.

ಪ್ರಾಚೀನರ ದೃಷ್ಟಿ

ಭರತಖಂಡದ ಪೂರ್ವಿಕರು ಈ ವಿಷಯದಲ್ಲಿ ಏನನ್ನು ಅರಿತಿದ್ದರೆಂಬುದು ವಿಚಾರಾರ್ಹವಾಗಿದೆ. ಗವೀನಿ ಎಂಬ ಶಬ್ದವು ಅಥರ್ವವೇದದಲ್ಲಿಯೇ ಬಂದಿರುವುದು. ಮೂತ್ರವನ್ನು ಮೂತ್ರಾಶಯಕ್ಕೆ ಒಯ್ಯುವ ಎರಡು ಪಾರ್ಶ್ವಗಳ ನಾಡಿಗಳೆಂದು ಸಾಯಣಾಚಾರ್ಯರು ಅದಕ್ಕೆ ಅರ್ಥವನ್ನು ಹೇಳಿರುವರು. ಚರಕಾಚಾರ್ಯರು ವೃಕ್ಕಗಳನ್ನು, ಎಂದರೆ ಮೂತ್ರಪಿಂಡಗಳನ್ನು, ಮೇದೋವಹ ಸ್ರೋತಸ್ಸಿನ ಮೂಲವೆಂದು ಎಣಿಸಿದರೇ ಹೊರತು ಮೂತ್ರೋತ್ಪತ್ತಿಯ ಕಾರ್ಯವನ್ನು ಅವಕ್ಕೆ ಹೇಳಲಿಲ್ಲ. ಈ ಅಂಶದಲ್ಲಿ ನವೀನ ಶಾಸ್ತ್ರದ ನಿರ್ಣಯವೇ ಗ್ರಾಹ್ಯವಾದುದು. ಆದರೆ ಆಘಾತದ ಲಕ್ಷಣಗಳನ್ನು ನೋಡುವಲ್ಲಿ ಸುಶ್ರುತಾಚಾರ್ಯರ ಕಣ್ಣು ಬಹಳ ಸೂಕ್ಷ್ಮವಾದುದು. 107 ಮರ್ಮಗಳನ್ನು ಹೇಳುವಾಗ ಅವರು ಬಸ್ತಿಯನ್ನು ಸದ್ಯಃ ಪ್ರಾಣಹರವೆಂದರು. ಪಾರ್ಶ್ವಸಂಧಿ ಎಂಬ ಮರ್ಮಕ್ಕೆ ಪೆಟ್ಟು ಬಿದ್ದರೆ ಕೋಷ್ಠವು ರಕ್ತದಿಂದ ತುಂಬಿ ಮರಣವುಂಟಾಗುವುದೆಂದರು. ಹೊಟ್ಟೆಯೊಳಗಿನ ಅಂಗವು ಭೇದಿಸಿದಾಗ ಜ್ವರ, ದಾಹಗಳ ಸಂಗಡ ಮೂತ್ರಮಾರ್ಗದಿಂದ ರಕ್ತ ಹೋಗುವುದನ್ನೂ ಲಕ್ಷಣವಾಗಿ ಎಣಿಸಿದರು. ಹೊರಗೆ ಗಾಯವಿಲ್ಲದೆ ಒಳಗೆ ರಕ್ತ ತುಂಬಿ ಪ್ರಾಣ ಹೋಗಬಹುದೆಂಬ ಈ ತತ್ತ್ವವು ಇಂದಿನ ವೈದ್ಯರಿಗೂ ಮೊದಲ ಪಾಠವಾಗಿರುವುದು.

ಮೂತ್ರಪಿಂಡದ ಆಘಾತವನ್ನು ಶಂಕಿಸುವ ಬಗೆ

ನಿದಾನದ ಮೊದಲ ಮೆಟ್ಟಿಲು ಶಂಕೆ. ಪೆಟ್ಟು ಹೇಗೆ ಬಿತ್ತು ಎಂಬುದನ್ನು ಕೇಳಿ ತಿಳಿಯುವುದೇ ಅರ್ಧ ನಿದಾನ. ಎತ್ತರದಿಂದ ಬಿದ್ದವನು ಕಾಲೂರಿ ನಿಂತರೂ, ಓಡುತ್ತಿದ್ದ ದೇಹವು ತಟಕ್ಕನೆ ನಿಂತ ಕಾರಣ ಮೂತ್ರಪಿಂಡವು ತನ್ನ ರಕ್ತನಾಳಗಳ ಮೇಲೆ ಜಗ್ಗುವುದು. ಅದರಿಂದ ರಕ್ತನಾಳದ ಒಳಪದರವು ಹರಿದು ರಕ್ತವು ಹೆಪ್ಪುಗಟ್ಟಬಹುದು, ಅಥವಾ ಮೂತ್ರಪಿಂಡವೂ ಗವೀನಿಯೂ ಕೂಡುವ ಸ್ಥಳದಲ್ಲಿ ನಾಳವು ಕಿತ್ತುಹೋಗಬಹುದು. ಆದುದರಿಂದ ಬೆನ್ನಿಗೆ ನೇರವಾಗಿ ಪೆಟ್ಟಾಗಲಿಲ್ಲವೆಂದ ಮಾತ್ರಕ್ಕೆ ನಿಶ್ಚಿಂತರಾಗಬಾರದು. ಪಕ್ಕೆಯಲ್ಲಿ ನೋವು, ಕೆಳಗಿನ ಪಕ್ಕೆಲುಬುಗಳ ಮುರಿತ, ಸೊಂಟದ ಮೇಲ್ಭಾಗದಲ್ಲಿ ಕಂದಿದ ಗುರುತು ಅಥವಾ ಊತ, ಹೊಟ್ಟೆಯ ಬಿಗುವು, ಓಕರಿಕೆ, ಇವುಗಳಲ್ಲಿ ಯಾವೊಂದಿದ್ದರೂ ಶಂಕೆಗೆ ಕಾರಣವುಂಟು.

ಎರಡನೆಯ ಲಕ್ಷಣವು ಮೂತ್ರದಲ್ಲಿ ರಕ್ತ. ಬಿದ್ದ ನಂತರ ಹೊಯ್ದ ಮೊದಲ ಮೂತ್ರವನ್ನು ಚೆಲ್ಲಬಾರದು. ಶುಭ್ರವಾದ ಸೀಸೆಯಲ್ಲಿ ಹಿಡಿದು ಆಸ್ಪತ್ರೆಗೆ ಒಯ್ಯತಕ್ಕದ್ದು. ಅದು ಕೆಂಪಾಗಿದ್ದರೆ ಸಂಗತಿ ಸ್ಪಷ್ಟ. ಕಣ್ಣಿಗೆ ತಿಳಿಯಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ರಕ್ತಕಣಗಳು ಕಾಣಬಹುದು. ಇಲ್ಲಿ ಎರಡು ಎಚ್ಚರಿಕೆಗಳುಂಟು. ಕೆಂಪು ಮೂತ್ರವೆಲ್ಲವೂ ರಕ್ತವಲ್ಲ. ಬೀಟ್‌ರೂಟ್ ತಿಂದವರಲ್ಲಿಯೂ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಔಷಧವನ್ನು ಸೇವಿಸುವವರಲ್ಲಿಯೂ, ಮಾಂಸಖಂಡಗಳು ಜಜ್ಜಿಹೋದವರಲ್ಲಿಯೂ ಮೂತ್ರದ ಬಣ್ಣ ಬದಲಾಗುವುದು. ಇದಕ್ಕಿಂತಲೂ ಮುಖ್ಯವಾದ ಎರಡನೆಯ ಎಚ್ಚರಿಕೆಯೇನೆಂದರೆ, ಮೂತ್ರವು ತಿಳಿಯಾಗಿದ್ದ ಮಾತ್ರಕ್ಕೆ ಮೂತ್ರಪಿಂಡವು ಕ್ಷೇಮವಾಗಿದೆಯೆಂದು ಹೇಳಲಾಗದು. ರಕ್ತನಾಳವೇ ಹರಿದು ಮುಚ್ಚಿಹೋದರೆ ಆ ಮೂತ್ರಪಿಂಡದಲ್ಲಿ ಮೂತ್ರವೇ ಹುಟ್ಟದು. ಗವೀನಿಯು ಕಿತ್ತುಹೋದರೆ ರಕ್ತವು ಮೂತ್ರಕೋಶಕ್ಕೆ ಇಳಿಯದು. ಆಗ ಇನ್ನೊಂದು ಪಕ್ಕದ ಕ್ಷೇಮವಾದ ಮೂತ್ರಪಿಂಡದ ತಿಳಿಯಾದ ಮೂತ್ರವು ಮಾತ್ರ ಹೊರಬಂದು ನೋಡುವವರನ್ನು ಮೋಸಗೊಳಿಸುವುದು. ಸಣ್ಣ ಗಾಯದಲ್ಲಿ ಮೂತ್ರವು ಬಹಳ ಕೆಂಪಾಗಿರಬಹುದು. ಅತಿ ದೊಡ್ಡ ಗಾಯದಲ್ಲಿ ನೀರಿನಂತಿರಬಹುದು. ಬಣ್ಣದ ಗಾಢತೆಯಿಂದ ಗಾಯದ ಗಾತ್ರವನ್ನು ಅಳೆಯುವುದು ತಪ್ಪು.

ಮೂರನೆಯದು ದೇಹದ ಒಟ್ಟು ಸ್ಥಿತಿ. ಮುಖ ಬಿಳಿಚುವುದು, ತಣ್ಣನೆಯ ಬೆವರು, ವೇಗವಾದ ಕ್ಷೀಣನಾಡಿ, ಬಾಯಾರಿಕೆ, ತಳಮಳ, ಇವು ಒಳಗಿನ ರಕ್ತಸ್ರಾವದ ಚಿಹ್ನೆಗಳು. ರಕ್ತದ ಒತ್ತಡವು 90ಕ್ಕಿಂತ ಕೆಳಗಿಳಿದರೆ ಪ್ರಾಣಾಪಾಯವು ಸಮೀಪಿಸಿದೆಯೆಂದು ತಿಳಿಯತಕ್ಕದ್ದು. ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಅವರ ಮೂತ್ರಪಿಂಡಗಳು ದೇಹದ ಪ್ರಮಾಣಕ್ಕೆ ದೊಡ್ಡವು, ಸುತ್ತಲಿನ ಕೊಬ್ಬು ಕಡಮೆ, ಪಕ್ಕೆಲುಬುಗಳು ಎಳೆಯವು. ಮೇಲಾಗಿ ಬಹಳ ರಕ್ತ ನಷ್ಟವಾಗುವವರೆಗೂ ಅವರ ರಕ್ತದೊತ್ತಡವು ಇಳಿಯದೆ ನಿಲ್ಲುವುದು. ಹುಟ್ಟಿನಿಂದಲೇ ಊದಿಕೊಂಡ ಅಥವಾ ನೀರುಗುಳ್ಳೆಗಳುಳ್ಳ ಮೂತ್ರಪಿಂಡವಿದ್ದವರಿಗೆ ಅಲ್ಪವಾದ ಪೆಟ್ಟಿನಿಂದಲೂ ದೊಡ್ಡ ಗಾಯವಾಗಬಹುದು. ಚಿಕ್ಕ ಪೆಟ್ಟಿಗೆ ಹೆಚ್ಚು ರಕ್ತ ಕಂಡರೆ ವೈದ್ಯರು ಈ ಕಾರಣವನ್ನೂ ಹುಡುಕುವರು.

ಚಿತ್ರಗಳ ಮೂಲಕ ನಿಶ್ಚಯ

ಶಂಕೆಯನ್ನು ನಿಶ್ಚಯವಾಗಿ ಮಾಡುವ ಸಾಧನಗಳು ಒಂದೇ ದಿನದಲ್ಲಿ ಬಂದವಲ್ಲ. 1895ರಲ್ಲಿ ಜರ್ಮನಿಯ ರಾಂಟ್‌ಜೆನ್ ಪಂಡಿತನು ಎಕ್ಸ್‌ಕಿರಣಗಳನ್ನು ಕಂಡುಹಿಡಿದನು; ಅವುಗಳಿಂದ ಎಲುಬು ಕಂಡಿತೇ ಹೊರತು ಮೂತ್ರಮಾರ್ಗವು ಕಾಣಲಿಲ್ಲ. 1906ರಲ್ಲಿ ಫೆಲ್ಕರ್ ಮತ್ತು ಲಿಖ್ಟೆನ್‌ಬರ್ಗ್ ಎಂಬ ವೈದ್ಯರು ಕೆಳಗಿನಿಂದ ಗವೀನಿಯೊಳಕ್ಕೆ ಬೆಳ್ಳಿಯ ದ್ರಾವಣವನ್ನು ಏರಿಸಿ ಅದರ ಆಕಾರವನ್ನು ತೋರಿಸಿದರು. 1929ರಲ್ಲಿ ಸ್ವಿಕ್ ಎಂಬ ವೈದ್ಯನ ಪ್ರಯತ್ನದಿಂದ, ಅಯೊಡಿನ್ ಸೇರಿದ ಔಷಧವನ್ನು ರಕ್ತಕ್ಕೆ ಚುಚ್ಚಿ, ಮೂತ್ರಪಿಂಡವೇ ಅದನ್ನು ಹೊರಹಾಕುವಾಗ ಚಿತ್ರವನ್ನು ತೆಗೆಯುವ ಪದ್ಧತಿ ಬಳಕೆಗೆ ಬಂತು. 1971ರಲ್ಲಿ ಹೌನ್ಸ್‌ಫೀಲ್ಡನ ಯಂತ್ರವು ಮೊದಲ ರೋಗಿಯ ತಲೆಯನ್ನು ಪದರ ಪದರವಾಗಿ ತೋರಿಸಿತು. ಅದೇ ಇಂದಿನ ಸಿ.ಟಿ. ಪರೀಕ್ಷೆಯ ಮೂಲ.

ಪೆಟ್ಟು ಬಿದ್ದವನ ಹೊಟ್ಟೆಯನ್ನು ಮೊದಲು ಅಲ್ಟ್ರಾಸೌಂಡಿನಿಂದ ನೋಡುವರು. ಹೊಟ್ಟೆಯೊಳಗೆ ರಕ್ತ ನಿಂತಿದೆಯೇ ಎಂಬುದು ಅದರಿಂದ ಬೇಗನೆ ತಿಳಿಯುವುದು. ಆದರೆ ಮೂತ್ರಪಿಂಡದ ಸೀಳನ್ನು ಅದು ಬಿಟ್ಟುಬಿಡಲೂಬಹುದು. ಆದುದರಿಂದ ಕಣ್ಣಿಗೆ ಕಾಣುವಂತೆ ರಕ್ತ ಹೋದವರಿಗೂ, ಸೂಕ್ಷ್ಮ ರಕ್ತದ ಜತೆಗೆ ಒತ್ತಡ ಇಳಿದವರಿಗೂ, ಎತ್ತರದಿಂದ ಬಿದ್ದವರಿಗೂ, ಚೂರಿ ಕೊಂಬು ಮೊದಲಾದವುಗಳಿಂದ ಪಕ್ಕೆಯಲ್ಲಿ ತಿವಿತವಾದವರಿಗೂ ಔಷಧ ಚುಚ್ಚಿ ಸಿ.ಟಿ. ತೆಗೆಯುವುದೇ ಉತ್ತಮವಾದ ನಿದಾನ. ಇದರಲ್ಲಿ ಒಂದು ಸೂಕ್ಷ್ಮವಿದೆ. ಔಷಧವು ರಕ್ತನಾಳಗಳಲ್ಲಿರುವಾಗ ತೆಗೆದ ಚಿತ್ರವು ರಕ್ತಸ್ರಾವವನ್ನು ತೋರಿಸುವುದು. ಹತ್ತು ಹದಿನೈದು ನಿಮಿಷಗಳ ತರುವಾಯ, ಔಷಧವು ಮೂತ್ರಕ್ಕೆ ಇಳಿದ ಮೇಲೆ, ಮತ್ತೊಮ್ಮೆ ತೆಗೆದ ಚಿತ್ರವು ಮೂತ್ರದ ಸೋರಿಕೆಯನ್ನು ತೋರಿಸುವುದು. ಎರಡನೆಯದನ್ನು ಬಿಟ್ಟರೆ ಗವೀನಿಯ ಗಾಯವು ಕಣ್ತಪ್ಪಿಹೋಗುವುದು. ರೋಗಿಯ ಸ್ಥಿತಿ ಅತ್ಯಂತ ವಿಷಮವಾಗಿದ್ದರೆ ಚಿತ್ರಕ್ಕಾಗಿ ಕಾಯದೆ ಶಸ್ತ್ರಚಿಕಿತ್ಸೆಗೆ ಒಯ್ಯಬೇಕಾಗುವುದು.

ಗಾಯದ ತಾರತಮ್ಯವನ್ನು ಅಮೆರಿಕದ ಆಘಾತ ಶಸ್ತ್ರವೈದ್ಯರ ಸಂಘವು 1989ರಲ್ಲಿ ಐದು ದರ್ಜೆಗಳಾಗಿ ವಿಂಗಡಿಸಿತು; 2018ರಲ್ಲಿ ಅದನ್ನು ಪರಿಷ್ಕರಿಸಲಾಯಿತು. ಮೊದಲನೆಯದರಲ್ಲಿ ಮೂತ್ರಪಿಂಡವು ಕಂದಿರುವುದು ಮಾತ್ರ. ಎರಡನೆಯದರಲ್ಲಿ ಸೀಳು ಒಂದು ಸೆಂಟಿಮೀಟರಿನೊಳಗೆ. ಮೂರನೆಯದರಲ್ಲಿ ಅದಕ್ಕೂ ಆಳ, ಆದರೆ ಮೂತ್ರ ಸೋರದು. ನಾಲ್ಕನೆಯದರಲ್ಲಿ ಸೀಳು ಮೂತ್ರ ಕೂಡುವ ಒಳಮನೆಯವರೆಗೂ ಹೋಗಿ ಮೂತ್ರವು ಸೋರುವುದು. ಐದನೆಯದರಲ್ಲಿ ಅಂಗವು ಚೂರಾಗಿರುವುದು, ಅಥವಾ ಅದರ ಮುಖ್ಯ ರಕ್ತನಾಳವೇ ಹರಿದಿರುವುದು. ಸಂತೋಷದ ಸಂಗತಿಯೇನೆಂದರೆ, ಮೊಂಡು ಪೆಟ್ಟಿನ ಗಾಯಗಳಲ್ಲಿ ಬಹುಭಾಗವು ಶಸ್ತ್ರವಿಲ್ಲದೆ, ಆಸ್ಪತ್ರೆಯ ಹಾಸಿಗೆಯಲ್ಲಿ ವಿಶ್ರಾಂತಿಯಿಂದಲೂ ಸತತ ಪರೀಕ್ಷೆಯಿಂದಲೂ ವಾಸಿಯಾಗುವುದು. ಮುಖ್ಯ ರಕ್ತನಾಳವು ಮುಚ್ಚಿದಾಗಲಾದರೋ ಕೆಲವೇ ಘಂಟೆಗಳಲ್ಲಿ ಅಂಗವು ನಿರ್ಜೀವವಾಗುವುದರಿಂದ ಕಾಲವೇ ಸರ್ವಸ್ವ.

ಗವೀನಿಯ ಗಾಯ

ಇನ್ನು ಗವೀನಿಯ ವಿಚಾರ. 1869ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ನಗರದಲ್ಲಿ ಗುಸ್ತಾವ್ ಸೈಮನ್ ಎಂಬ ಶಸ್ತ್ರವೈದ್ಯನ ಬಳಿಗೆ ಒಬ್ಬ ಹೆಂಗಸು ಬಂದಳು. ಅಂಡಾಶಯದ ಗಡ್ಡೆಯನ್ನು ತೆಗೆಯುವಾಗ ಆಕೆಯ ಒಂದು ಗವೀನಿಯು ಗಾಯಗೊಂಡು, ಮೂತ್ರವು ಹಗಲಿರುಳೂ ಸೋರುತ್ತಿತ್ತು. ಒಂದೇ ಮೂತ್ರಪಿಂಡದಿಂದ ಪ್ರಾಣಿಯು ಬದುಕಬಲ್ಲುದೇ ಎಂಬುದನ್ನು ಸೈಮನನು ಮೊದಲು ನಾಯಿಗಳಲ್ಲಿ ಪರೀಕ್ಷಿಸಿ, ಬಳಿಕ ಆಕೆಯ ಆ ಪಕ್ಕದ ಮೂತ್ರಪಿಂಡವನ್ನು ತೆಗೆದನು; ಆಕೆಯು ಬದುಕಿದಳು. ಮುಂದಾಗಿ ಯೋಚಿಸಿ ಮನುಷ್ಯನ ಮೂತ್ರಪಿಂಡವನ್ನು ತೆಗೆದ ಮೊದಲ ಶಸ್ತ್ರಕ್ರಿಯೆಯೆಂದು ಅದು ಪ್ರಸಿದ್ಧವಾಗಿದೆ. ಆ ಕಾಲದಲ್ಲಿ ನಾಳವನ್ನು ಸರಿಪಡಿಸುವ ಉಪಾಯವಿಲ್ಲದೆ ಅಂಗವನ್ನೇ ಕೊಡಬೇಕಾಯಿತು. ಇಂದು ಬೇಗನೆ ಗುರುತಿಸಿದರೆ ನಾಳವನ್ನೂ ಅಂಗವನ್ನೂ ಎರಡನ್ನೂ ಉಳಿಸಬಹುದು.

ಗರ್ಭಕೋಶದ ಕೊರಳಿನಿಂದ ಸುಮಾರು 2 ಸೆಂಟಿಮೀಟರ್ ದೂರದಲ್ಲಿ, ಗರ್ಭಕೋಶಕ್ಕೆ ರಕ್ತವನ್ನು ಕೊಡುವ ಧಮನಿಯ ಕೆಳಗೆ ಗವೀನಿಯು ಹಾದುಹೋಗುವುದು. ಗರ್ಭಕೋಶವನ್ನು ತೆಗೆಯುವಾಗ ಆ ಧಮನಿಯನ್ನು ಕಟ್ಟಲೇಬೇಕು. ಗಡ್ಡೆಯಿಂದಲೋ ಹಿಂದಿನ ಶಸ್ತ್ರಕ್ರಿಯೆಯ ಕಲೆಯಿಂದಲೋ ಅಂಗಗಳು ಅಂಟಿಕೊಂಡಿದ್ದರೆ, ನುರಿತವರ ಕೈಯಲ್ಲಿಯೂ ಗವೀನಿಯು ದಾರಕ್ಕೆ ಸಿಕ್ಕಬಹುದು, ಕತ್ತರಿಸಬಹುದು ಅಥವಾ ಸುಡಬಹುದು. ಕಲ್ಲನ್ನು ತೆಗೆಯಲು ನಾಳದೊಳಗೆ ದರ್ಶಕವನ್ನು ಹಾಯಿಸುವಾಗಲೂ ಗಾಯವಾಗುವುದುಂಟು. ಇದು ವಿರಳವಾದ ಸಂಗತಿ. ಆದರೆ ಶಸ್ತ್ರಕ್ರಿಯೆಯ ವೇಳೆಯಲ್ಲಿಯೇ ಕಾಣದೆ ಹೋಗುವುದು ಸಾಮಾನ್ಯವಾದುದರಿಂದ ತರುವಾಯದ ಲಕ್ಷಣಗಳನ್ನು ಮನೆಯವರೂ ಅರಿತಿರಬೇಕು.

ಆ ಲಕ್ಷಣಗಳಾವುವೆಂದರೆ: ಶಸ್ತ್ರಕ್ರಿಯೆಯಾದ ಕೆಲವು ದಿನಗಳಲ್ಲಿ ಒಂದು ಪಕ್ಕೆಯಲ್ಲಿ ಬಿಡದ ನೋವು, ಜ್ವರ, ಹೊಟ್ಟೆಯ ಉಬ್ಬರ, ಗಾಯದಿಂದಲೋ ಯೋನಿಮಾರ್ಗದಿಂದಲೋ ನೀರಿನಂತಹ ಸ್ರಾವ. ಎರಡು ಗವೀನಿಗಳೂ ಕಟ್ಟಿಹೋದರೆ ಮೂತ್ರವೇ ಬಾರದು. ಒಂದೇ ಕಟ್ಟಿದರೆ ಏನೂ ಕಾಣದೆ, ಆ ಪಕ್ಕದ ಮೂತ್ರಪಿಂಡವು ಒಳಗೊಳಗೆ ಊದಿ, ತಿಂಗಳುಗಳ ಮೇಲೆ ನಿಷ್ಪ್ರಯೋಜಕವಾಗುವುದೂ ಉಂಟು. ಅಲ್ಟ್ರಾಸೌಂಡ್ ಪರೀಕ್ಷೆಯು ಆ ಊತವನ್ನು ಹೊರಗೆಡಹುವುದು.

ಸೋರುವ ನೀರು ಮೂತ್ರವೋ ಅಲ್ಲವೋ ಎಂಬುದನ್ನು ನಿಶ್ಚಯಿಸುವ ಉಪಾಯವು ಸರಳವಾಗಿದೆ. ಕ್ರಿಯಾಟಿನಿನ್ ಎಂಬ ಪದಾರ್ಥವು ರಕ್ತದಲ್ಲಿ ಅಲ್ಪವಾಗಿಯೂ ಮೂತ್ರದಲ್ಲಿ ಬಹುವಾಗಿಯೂ ಇರುವುದು. ಸೋರಿದ ನೀರಿನಲ್ಲಿ ಅದು ರಕ್ತದಲ್ಲಿರುವುದಕ್ಕಿಂತ ಬಹಳ ಹೆಚ್ಚಾಗಿದ್ದರೆ ಆ ನೀರು ಮೂತ್ರವೇ ಸರಿ. ಸೋರಿಕೆಯು ಮೂತ್ರಕೋಶದಿಂದಲೋ ಗವೀನಿಯಿಂದಲೋ ಎಂಬ ಎರಡನೆಯ ಪ್ರಶ್ನೆಗೆ ನೀಲಿ ಬಣ್ಣದ ಪರೀಕ್ಷೆಯುಂಟು. ಯೋನಿಯಲ್ಲಿ ಶುದ್ಧವಾದ ಬಟ್ಟೆಯ ಸುರುಳಿಯನ್ನಿಟ್ಟು, ಮೂತ್ರಕೋಶಕ್ಕೆ ನೀಲಿ ದ್ರಾವಣವನ್ನು ತುಂಬುವರು. ಬಟ್ಟೆಯು ನೀಲಿಯಾದರೆ ರಂಧ್ರವು ಮೂತ್ರಕೋಶದಲ್ಲಿದೆ. ಬಟ್ಟೆಯು ನೆನೆದಿದ್ದು ನೀಲಿಯಾಗದಿದ್ದರೆ ಮೂತ್ರವು ಮೇಲಿನಿಂದ, ಗವೀನಿಯಿಂದ, ಬರುತ್ತಿದೆಯೆಂದು ಊಹಿಸತಕ್ಕದ್ದು. ಬಳಿಕ ಸಿ.ಟಿ. ಚಿತ್ರದಿಂದಾಗಲಿ, ಕೆಳಗಿನಿಂದ ಔಷಧವನ್ನು ಏರಿಸಿ ತೆಗೆದ ಚಿತ್ರದಿಂದಾಗಲಿ ಗಾಯದ ಸ್ಥಳವನ್ನು ಗೊತ್ತುಮಾಡಿ, ನಾಳದೊಳಗೆ ಕೊಳವೆಯನ್ನಿಡುವುದು, ತುದಿಗಳನ್ನು ಕೂಡಿಸಿ ಹೊಲಿಯುವುದು, ಅಥವಾ ಗವೀನಿಯನ್ನು ಮೂತ್ರಕೋಶಕ್ಕೆ ಹೊಸದಾಗಿ ಜೋಡಿಸುವುದು, ಇವುಗಳಲ್ಲಿ ತಕ್ಕದ್ದನ್ನು ಮಾಡುವರು.

ಇಲ್ಲಿ ಒಂದು ಮಾತನ್ನು ಸಭೆಯ ತಾಯಂದಿರೂ ಅವರ ಮನೆಯ ಗಂಡಸರೂ ಮನಸ್ಸಿಟ್ಟು ಕೇಳತಕ್ಕದ್ದು. ಗವೀನಿಯಿಂದ ಸೋರುವ ಹೆಂಗಸಿಗೆ ಇನ್ನೊಂದು ಮೂತ್ರಪಿಂಡದ ದೆಸೆಯಿಂದ ಎಂದಿನಂತೆ ಮೂತ್ರವೂ ಆಗುತ್ತಿರುವುದು. ಜತೆಗೆ ಬಟ್ಟೆಯೂ ಸದಾ ಒದ್ದೆಯಾಗುತ್ತಿರುವುದು. ಆಕೆಯು ಇದನ್ನು ಬಿಳುಪು ಹೋಗುವುದೆಂದು ತಿಳಿದೋ, ನಾಚಿಕೆಯಿಂದಲೋ, ಯಾರಿಗೂ ಹೇಳದೆ ಬಟ್ಟೆಯನ್ನು ಮಡಚಿಟ್ಟುಕೊಂಡು ಕಾಲ ಕಳೆಯುವಳು. ಪೂಜೆಯ ಕೋಣೆಗೆ ಹೋಗಲಾರಳು, ಮದುವೆಯ ಮನೆಗೆ ಹೋಗಲಾರಳು, ಜಾತ್ರೆಯ ಬಸ್ಸನ್ನು ಹತ್ತಲಾರಳು. ಇದು ಪಾಪದ ಫಲವೂ ಅಲ್ಲ, ಮೈಲಿಗೆಯೂ ಅಲ್ಲ. ಹೊಲಿದು ಸರಿಪಡಿಸತಕ್ಕ ಒಂದು ಗಾಯ ಮಾತ್ರ. ಆಕೆಯನ್ನು ದೂರವಿಡುವ ಮನೆಯವರೇ ದೋಷಿಗಳು. ಶಸ್ತ್ರಕ್ರಿಯೆಯ ತರುವಾಯ ಸ್ರಾವವು ಕಂಡ ದಿನವೇ ಶಸ್ತ್ರಕ್ರಿಯೆ ಮಾಡಿದ ವೈದ್ಯರಿಗೆ ಹೇಳಬೇಕು. ಅಲ್ಲಿ ಸಮಾಧಾನವಾಗದಿದ್ದರೆ ಮೂತ್ರಾಂಗಗಳ ತಜ್ಞರನ್ನು ಕಾಣಬೇಕು.

ಮನೆಯವರ ಕರ್ತವ್ಯ

ಮರದಿಂದ ಬಿದ್ದವನನ್ನು ಎಬ್ಬಿಸಿ ನಡೆಸಬಾರದು. ಬೆನ್ನುಮೂಳೆಯೂ ಮುರಿದಿರಬಹುದಾದುದರಿಂದ ಹಲಗೆಯ ಮೇಲೆ ನೇರವಾಗಿ ಮಲಗಿಸಿ ಸಾಗಿಸತಕ್ಕದ್ದು. ಮೋಟಾರು ಬೈಸಿಕಲ್ಲಿನ ಮೇಲೆ ಇಬ್ಬರ ನಡುವೆ ಕೂರಿಸಿಕೊಂಡು ಒಯ್ಯುವ ರೂಢಿಯು ಅತ್ಯಂತ ಅಪಾಯಕರವಾದುದು. 2008ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಆರೋಗ್ಯ ಕವಚದ ವಾಹನವನ್ನು 108ಕ್ಕೆ ಫೋನ್ ಮಾಡಿ ಕರೆಯಿಸಬಹುದು. ಶಸ್ತ್ರಕ್ರಿಯೆಯು ಬೇಕಾಗಬಹುದಾದ ಕಾರಣ ಬಾಯಿಗೆ ಕಾಫಿ, ಎಳನೀರು ಏನನ್ನೂ ಕೊಡಬಾರದು. ಬೆನ್ನಿಗೆ ಎಣ್ಣೆ ಹಚ್ಚಿ ನೀವುವುದು, ಶಾಖ ಕೊಡುವುದು, ಪಕ್ಕೆಯನ್ನು ತುಳಿಸುವುದು ಸರ್ವಥಾ ಕೂಡದು. ನಿಲ್ಲುತ್ತಿರುವ ರಕ್ತವು ಅದರಿಂದ ಪುನಃ ಹರಿಯುವುದು. ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಿಸುವುದೂ ಒಳ್ಳೆಯದಲ್ಲ. ಅವುಗಳಲ್ಲಿ ಕೆಲವು ರಕ್ತವನ್ನು ಹೆಪ್ಪುಗಟ್ಟಗೊಡವು, ಕೆಲವು ಮೂತ್ರಪಿಂಡಕ್ಕೇ ಹಾನಿಕರವಾದವು. ಮೂತ್ರದ್ವಾರದಲ್ಲಿ ರಕ್ತ ಕಂಡು ಮೂತ್ರ ಕಟ್ಟಿದ್ದರೆ, ವೈದ್ಯರಲ್ಲದವರು ಕೊಳವೆಯನ್ನು ತೂರಿಸಲು ಯತ್ನಿಸಬಾರದು.

ಅರಸೀಕೆರೆಯ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲ ಚಿಕಿತ್ಸೆಯನ್ನು ಪಡೆದು, ವೈದ್ಯರ ಸಲಹೆಯಂತೆ ಹಾಸನದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಗೆ ಹೋಗಬಹುದು. ಬೆಂಗಳೂರಿನಲ್ಲಿ, 1900ರಲ್ಲಿ ಪ್ರಾರಂಭವಾದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ, ಮೂತ್ರಾಂಗಗಳ ಚಿಕಿತ್ಸೆಗೆಂದೇ ನೆಫ್ರೋ ಯುರಾಲಜಿ ಸಂಸ್ಥೆಯೂ ಇರುವುದು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆಯೂ ಎಚ್ಚರವು ಬೇಕು. ಎರಡು ಮೂರು ವಾರಗಳೊಳಗೆ ಮತ್ತೆ ರಕ್ತ ಹೋಗುವುದುಂಟು. ಮೂತ್ರ ತಿಳಿಯಾಯಿತೆಂದು ಮರುದಿನವೇ ಮರವೇರಬಾರದು, ಮೂಟೆ ಹೊರಬಾರದು. ವೈದ್ಯರು ಹೇಳಿದಷ್ಟು ವಾರಗಳ ವಿಶ್ರಾಂತಿಯನ್ನು ಪಾಲಿಸತಕ್ಕದ್ದು. ಗಾಯಗೊಂಡ ಮೂತ್ರಪಿಂಡವು ಮುಂದೆ ರಕ್ತದೊತ್ತಡವನ್ನು ಏರಿಸಬಹುದಾದುದರಿಂದ ಅದನ್ನು ಆಗಾಗ ಅಳೆಯಿಸುತ್ತಿರಬೇಕು.

ಈ ವಿಶ್ರಾಂತಿಯ ಮಾತನ್ನು ಹೇಳುವುದು ಸುಲಭ. ದಿನಗೂಲಿಯವನು ಪಾಲಿಸುವುದು ಕಷ್ಟ. ಮರ ಹತ್ತದ ದಿನ ಅವನ ಒಲೆ ಉರಿಯದು. ಆದುದರಿಂದಲೇ ಅವನು ನೋವನ್ನು ಮರೆಸಿ ಏರುವನು, ಮತ್ತೆ ಬೀಳುವನು. ಇಲ್ಲಿ ತೋಟದ ಒಡೆಯರಿಗೆ ಒಂದು ಧರ್ಮವುಂಟು. ಮಳೆಯಲ್ಲಿ ಮರವೇರೆಂದು ಒತ್ತಾಯಿಸದಿರುವುದು, ಸೊಂಟದ ಪಟ್ಟಿಯನ್ನೂ ಏರುವ ಯಂತ್ರವನ್ನೂ ಒದಗಿಸುವುದು, ಬಿದ್ದವನ ಮನೆಗೆ ಅವನು ಏಳುವವರೆಗೆ ಅಕ್ಕಿ ರಾಗಿಗಳನ್ನು ಕಳುಹಿಸುವುದು, ಇವೇ ಆ ಧರ್ಮ. ಯಂತ್ರದಿಂದ ಮರವೇರುವ ತರಬೇತಿಯನ್ನು ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಆರಂಭಿಸಿತು. ಮರವೇರುವವರಿಗಾಗಿ ಕೇರ ಸುರಕ್ಷಾ ಎಂಬ ವಿಮೆಯನ್ನೂ ಅದು ಏರ್ಪಡಿಸಿತು. ಓದು ಬರಹ ಬಲ್ಲ ಶಿಷ್ಯರು ಇಂತಹ ಅನುಕೂಲಗಳನ್ನು ವಿಚಾರಿಸಿ, ಅರ್ಜಿಯನ್ನು ಬರೆದುಕೊಟ್ಟು, ಮರವೇರುವವರಿಗೆ ನೆರವಾದರೆ ಅದಕ್ಕಿಂತ ಮಿಗಿಲಾದ ದಾಸೋಹ ಯಾವುದು?

ಸಾರಾಂಶವಿಷ್ಟು. ಪೆಟ್ಟು ಬಿದ್ದ ಬಗೆಯನ್ನು ಕೇಳು. ಮೊದಲ ಮೂತ್ರವನ್ನು ನೋಡು. ತಿಳಿಯಾದ ಮೂತ್ರವನ್ನು ಪೂರ್ತಿಯಾಗಿ ನಂಬಬೇಡ. ನೀವದೆ ನಡೆಸದೆ ಆಸ್ಪತ್ರೆಗೆ ಒಯ್ಯು. ಶಸ್ತ್ರಕ್ರಿಯೆಯ ಬಳಿಕ ಸೋರಿಕೆ ಕಂಡರೆ ಮುಚ್ಚಿಡಬೇಡ. ಈ ಐದು ಮಾತುಗಳನ್ನು ಭಕ್ತರು ತಮ್ಮ ತಮ್ಮ ಕೇರಿಗಳಲ್ಲಿ ಹೇಳಿದರೆ ಒಂದು ಜೀವವಾದರೂ ಉಳಿದೀತು. ಹೊತ್ತ ಕಾಯವನ್ನು ಕಾಪಾಡಿಕೊಂಡು, ಬಿದ್ದವರನ್ನು ಎತ್ತಿಕೊಂಡು ಬಾಳುವ ಬುದ್ಧಿಯನ್ನು ಪರಶಿವನು ಸರ್ವರಿಗೂ ಅನುಗ್ರಹಿಸಲಿ.

ಶುಭಮಸ್ತು.